ಆರುನೂರು ಪರ್ಸೆಂಟಿನ ವಿಷಯವಾಗಿ

ಅಂಧೇರಿ, ಗುರುವಾರ

ಮಾನ್ಯ ಕೇಶವಮೂರ್ತಿ ಸರ್ ಅವರಿಗೆ, ನಿಮ್ಮ ಸರ್ವರ್ ವಿಭಾಗದ ಮಾಧುರಿಯ ನಮಸ್ಕಾರಗಳು.

ಪರದೆಯ ಮೇಲೆ ಪ್ರೊಸೆಸರ್ ಬಳಕೆ ಆರುನೂರು ಪರ್ಸೆಂಟ್ ಎಂದು ಕಂಡೊಡನೆ ತಾವು, “ನೂರಕ್ಕೆ ಆರುನೂರು ಅಂದ್ರೆ ಮಷೀನು ಉರಿದುಹೋಗುತ್ತಲ್ರೀ, ಶನಿವಾರದ ರಜೆ ಮರೆತುಬಿಡಿ” ಎಂದಿರಿ. ನಮ್ಮ ವಿಭಾಗದ ಅಮೋಲ್ ಬೆಂಕಿ ಆರಿಸುವ ಸಿಲಿಂಡರನ್ನೂ ತಂದಿಟ್ಟ.

ಆ ಸರ್ವರ್‌ಗೆ ಹನ್ನೆರಡು ಕೋರ್‌ಗಳಿವೆ ಸರ್, ಅಂದರೆ ಒಟ್ಟಿಗೇ ಕೆಲಸ ಮಾಡುವ ಹನ್ನೆರಡು ಮಿದುಳುಗಳು. ನಾವು ನೋಡುವ ಟೂಲ್ ಒಂದೊಂದು ಕೋರಿಗೂ ನೂರರಂತೆ ಲೆಕ್ಕ ಹಾಕುತ್ತದೆ. ಪೂರ್ತಿ ತುಂಬಿದರೆ ಸಾವಿರದ ಇನ್ನೂರು, ಆರುನೂರು ಎಂದರೆ ಬರೀ ಅರ್ಧ. ಹನ್ನೆರಡು ಡಬ್ಬಿಯ ಲೋಕಲ್ ರೈಲು ಅರ್ಧ ಖಾಲಿ ಬಂದರೆ ಮಲಾಡಿನವರಾದ ತಾವು ದೇವರಿಗೆ ಕೈಮುಗಿದು ಹತ್ತುತ್ತೀರಿ, ಯಾರ ರಜೆಯನ್ನೂ ರದ್ದು ಮಾಡುವುದಿಲ್ಲ. ಎಲ್ಲರೂ ಒಂದೇ ಡಬ್ಬಿಗೆ ನುಗ್ಗಿದ್ದಾರೋ ಏನೋ ಎಂದು ಒಂದೊಂದು ಕೋರನ್ನೂ ಬೇರೆಬೇರೆಯಾಗಿ ನೋಡಿದೆ. ಎಲ್ಲ ಆರಾಮಾಗಿವೆ.

ಶನಿವಾರ ಸಯನ್‌ನಲ್ಲಿ ನನ್ನ ಬಸುರಿ ಅಕ್ಕನ ಕುಬಸ. “ಹಸಿರು ಬಳಿ ತೊಡಸಾಕ ನೀ ಬರ್ಲಿಲ್ಲಂದ್ರ ನಾ ಮಣಿ ಮ್ಯಾಲ ಕುಂಡ್ರಂಗೇ ಇಲ್ಲ” ಎಂದು ಹಟ ಹಿಡಿದಿದ್ದಾಳೆ.

ಅಂದು ಸರ್ವರ್ ಅನ್ನು ಅಮೋಲ್ ನೋಡಿಕೊಳ್ಳುತ್ತಾನೆ. ನನಗಿರುವುದು ಒಂದೇ ಕೋರ್. ಅದನ್ನು ಆ ದಿನದ ಮಟ್ಟಿಗೆ ಅಕ್ಕನಿಗೆ ಬಿಟ್ಟುಕೊಡಬೇಕೆಂದು ವಿನಂತಿ.

ತಮ್ಮ ಸಹಿಯ ದಾರಿ ಕಾಯುತ್ತಿರುವ,
ಮಾಧುರಿ