ರೈಲು ಪಾಸಿನ ಮೇಲೆ ಕನ್ನಡ ಅಂಕಿ

ಭಾವನವರಿಗೆ ನಮಸ್ಕಾರ.

ಈ ಪರದೇಶದಲ್ಲಿ ಒಂದೇ ರೈಲು ಪಾಸಿನಲ್ಲಿ ಎಲ್ಲ ಊರೂ ಸುತ್ತಬಹುದೇ ಎಂದು ಕೇಳಿದ್ದಿರಲ್ಲ? ಧಾರಾಳವಾಗಿ ಸುತ್ತಬಹುದು, ವೇಗದ ರೈಲಿನ ಸೀಟಿಗೆ ಮಾತ್ರ ಬೇರೆ ಕಾಸು. ಹತ್ತುವ ಮುಂಚೆ ಪಾಸಿನ ಮೇಲೆ ಆ ದಿನದ ತಾರೀಖು ನಾವೇ ಬರೆಯಬೇಕು. ನಾನು ರೂಢಿಯಂತೆ ಕನ್ನಡ ಅಂಕಿಯಲ್ಲಿ ಬರೆದುಬಿಟ್ಟೆ! ಟಿ.ಸಿ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನಡೆಯುವುದಿಲ್ಲ, ದಂಡ ಕಟ್ಟಿ ಎಂದ.

“ಏನ್ರೀ, ಇದೇನು ನಿಮ್ಮ ಅಂಗಡಿ ಚೀಟಿನಾ?” ಎಂದು ಗದರಿದ ನಿಮ್ಮ ತಂಗಿ, ಪರ್ಸಿನಿಂದ ನಮ್ಮ ಅಂಗಡಿಯ ಪುಟ್ಟ ಕ್ಯಾಲೆಂಡರ್ ತೆಗೆದು, ಅದರಲ್ಲಿದ್ದ ಎರಡೂ ಬಗೆಯ ಅಂಕಿ ತೋರಿಸಿದಳು. ಆತ ನಕ್ಕು ಪಾಸಿಗೆ ಮುದ್ರೆ ಒತ್ತಿದ. ಆ ಕ್ಯಾಲೆಂಡರ್ ಅಚ್ಚು ಹಾಕಿಸಿದ್ದು ದಂಡ ಎಂದು ಗೊಣಗಿದ್ದೆ. ದಂಡ ತಪ್ಪಿಸಿದ್ದು ಅದೇ.

ನನ್ನ ಮೊಣಕಾಲು ನೋವು ಈಗಿಲ್ಲ. ಮುಂದಿನ ರೈಲು ಬಂತು, ನಿಲ್ಲಿಸುತ್ತೇನೆ.

ನಿಮ್ಮ ತಂಗಿಯ ಲಗೇಜು ಹೊರುವವನು