ಆ ಹನ್ನೊಂದು ಗಂಟೆ ನಮ್ಮ ಹಡಗು ಎಲ್ಲಿತ್ತೆಂದರೆ

ಬಂದರಿನ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಕಿಟಕಿ ತೆರೆದರೆ ಕಾಣುವ ಹಸಿರು ಹಡಗಿನಿಂದ ಬರೆಯುತ್ತಿದ್ದೇನೆ. ಇಪ್ಪತ್ತಾರು ದಿನಗಳಿಂದ ನಮ್ಮನ್ನು ಲಂಗರು ಹಾಕಿಸಿ ನಿಲ್ಲಿಸಿದ್ದೀರಿ. ಯಾರೂ ಇಳಿಯುವಂತಿಲ್ಲ, ಯಾವ ದೋಣಿಯೂ ಹತ್ತಿರ ಬರುವಂತಿಲ್ಲ. ನಮ್ಮ ಅಡುಗೆಯವನ ಬಳಿ ಇರುವ ಇನ್ಸುಲಿನ್, ಅರ್ಧರ್ಧ ಚುಚ್ಚಿಕೊಂಡರೂ, ಇನ್ನು ನಾಲ್ಕೇ ದಿನ ಬರುತ್ತದೆ. ಗೊತ್ತಿರಲಿಲ್ಲ ಎನ್ನಬೇಡಿ, ಮೂರು ಅರ್ಜಿ ಹಾಕಿದ್ದೇವೆ.

ನಮ್ಮ ಅಪರಾಧವಿಷ್ಟೆ. ಪ್ರತಿ ಹಡಗೂ ತಾನೆಲ್ಲಿದ್ದೇನೆಂದು ಕ್ಷಣಕ್ಷಣಕ್ಕೂ ಸಾರುತ್ತಾ ಸಾಗಬೇಕು. ನಮ್ಮದು ನಡುಸಮುದ್ರದಲ್ಲಿ ಹನ್ನೊಂದು ಗಂಟೆ ಕಾಲ ಸುಮ್ಮನಿತ್ತು. ನೀವು ಹೊಸದಾಗಿ ತರಿಸಿರುವ ಕೃತಕ ಬುದ್ಧಿಮತ್ತೆ ಆ ಮೌನವನ್ನು ನೋಡಿ, ನಾವು ಮತ್ತೊಂದು ಹಡಗಿನ ಜೊತೆ ಸರಕು ಬದಲಾಯಿಸಿಕೊಂಡಿರಬೇಕೆಂದು ಊಹಿಸಿ, ನೂರಕ್ಕೆ ಎಪ್ಪತ್ತೊಂದು ಅಪಾಯದ ಅಂಕ ಕೊಟ್ಟಿತು. ಶಾಲೆಯಲ್ಲಿ ನನಗೆಂದೂ ಅಷ್ಟು ಅಂಕ ಬಂದಿರಲಿಲ್ಲ.

ಊಹಿಸುವ ಕಷ್ಟ ಯಾಕೆ? ಮಾಡಿದವನು ನಾನೇ, ಹೇಳುತ್ತೇನೆ ಕೇಳಿ. ನಾನು ಈ ಹಡಗಿನ ಡೆಕ್ ಮೇಸ್ತ್ರಿ. ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ನನ್ನ ಕೆಲಸ. ನಿಮ್ಮ ಬಂದರಿಗೆ ಲಕ್ಷಣವಾಗಿ ಬರೋಣವೆಂದು ಅಂದು ಬೆಳಿಗ್ಗೆ ಮೇಲಿನ ಕಂಬಗಳಿಗೆಲ್ಲ ಲೋಹದ ಪುಡಿ ಬೆರೆಸಿದ ಬೆಳ್ಳಿ ಬಣ್ಣ ಹೊಡೆದೆ. ಅದೇ ಉತ್ಸಾಹದಲ್ಲಿ ಸಂಕೇತ ಕಳಿಸುವ ಆಂಟೆನಾಕ್ಕೂ ಎರಡು ಕೋಟು ಬಳಿದುಬಿಟ್ಟೆ. ಅದರ ಬುಡದಲ್ಲಿ "ಬಣ್ಣ ಬಳಿಯಬಾರದು" ಎಂದು ಬರೆದಿತ್ತು. ಅದರ ಮೇಲೂ ಬಳಿದೆ. ಬಣ್ಣದೊಳಗಿನ ಲೋಹ ಸಂಕೇತವನ್ನು ಹೊರಗೇ ಬಿಡಲಿಲ್ಲ. ಸಂಜೆ ಕಂಪನಿಯವರು ಫೋನ್ ಮಾಡಿ, "ಎಲ್ರೀ ಮಾಯ ಆಗಿಬಿಟ್ರಿ?" ಎಂದು ಕೇಳಿದಾಗಲೇ ನಮಗೂ ಗೊತ್ತಾದದ್ದು. ಕ್ಯಾಪ್ಟನ್ ನನ್ನ ಬೆವರಿಳಿಸಿ, ಎದುರಿಗೇ ನಿಂತು ಆ ಬಣ್ಣವನ್ನೆಲ್ಲ ಕೆರೆಸಿದರು.

"ಇಷ್ಟು ದೊಡ್ಡ ಹಡಗಲ್ಲಿ ನಿಂಗೆ ಅದೊಂದೇ ಸಿಕ್ತೇನೋ ಮೇಸ್ತ್ರಿ?" ಎಂದು ಅಡುಗೆಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಫೋಟೋ, ದಿನಚರಿ ಪುಸ್ತಕದ ಪ್ರತಿ ಎಲ್ಲವನ್ನೂ ಕಳಿಸಿದೆವು. "ಹೊಸ ದತ್ತಾಂಶ ಬಂದಲ್ಲಿ ಮಾತ್ರ ಅಂಕವನ್ನು ಪುನರ್ ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು. ಕಳೆದ ವಾರ ಹೊಸ ದತ್ತಾಂಶ ಬಂದೇ ಬಂತು, ಅಂಕ ಎಂಬತ್ನಾಲ್ಕಕ್ಕೇರಿತು. ಯಾಕೆಂದು ರೇಡಿಯೋದಲ್ಲಿ ವಿಚಾರಿಸಿದರೆ ನಿಮ್ಮ ಗುಮಾಸ್ತರು, "ಒಂದೇ ಕಡೆ ತುಂಬಾ ದಿನ ನಿಂತಿದ್ದೀರಲ್ಲ, ಅದಕ್ಕೇ ಅನುಮಾನ ಜಾಸ್ತಿ ಆಗಿದೆ. ನಮ್ಮ ಕೈಯಲ್ಲೇನೂ ಇಲ್ಲಪ್ಪಾ" ಎಂದರು. ನಿಲ್ಲಿಸಿದವರು ಯಾರು ಸ್ವಾಮಿ?

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕಳ್ಳ ಹಡಗುಗಳೂ ಹೀಗೇ ಬಾಯಿ ಮುಚ್ಚಿಕೊಳ್ಳುತ್ತವೆ, ಅದು ಅನುಮಾನಿಸಿದ್ದು ಸರಿಯೇ. ಆದರೆ ಅನುಮಾನ ಬಂದ ಮೇಲೆ ಬಂದು ನೋಡಬೇಕಾದ ಕಾಲುಗಳು ಯಂತ್ರಕ್ಕಿಲ್ಲ, ನಿಮಗಿವೆ. ದೋಣಿಯಲ್ಲಿ ಇಪ್ಪತ್ತು ನಿಮಿಷದ ದಾರಿ. ಸರಕಿನ ಪಟ್ಟಿ ಹಿಡಿದುಕೊಂಡು ಒಂದು ಸುತ್ತು ಹಾಕಿದರೆ ಮುಗಿಯಿತು. ಇಪ್ಪತ್ತಾರು ದಿನಗಳಲ್ಲಿ ಒಬ್ಬರಿಗೂ ಪುರಸೊತ್ತಾಗಲಿಲ್ಲವೆ?

ಅಡುಗೆಯಣ್ಣನ ಕಾಲ್ಬೆರಳಿನ ಗಾಯ ಮಾಯುತ್ತಿಲ್ಲ, ಕಪ್ಪಾಗುತ್ತಿದೆ. ಅವನು ಔಷಧಿಯನ್ನು ಅರ್ಧ ಮಾಡಿದ್ದು ನಿನ್ನೆಯಷ್ಟೇ ನನ್ನ ಕಣ್ಣಿಗೆ ಬಿತ್ತು.

"ಯಾವಾಗಿಂದ ಅಣ್ಣಾ?" ಎಂದೆ.

"ಹತ್ತು ದಿನ ಆಯ್ತು. ಹೇಳಿದ್ರೆ ನಿನ್ನ ಬಣ್ಣದಿಂದ್ಲೇ ಹಿಂಗಾಯ್ತು ಅಂತ ಕೊರಗ್ತೀಯ. ಸುಮ್ನೆ ಊಟ ಮಾಡೋ."

ತಟ್ಟೆಯ ಮುಂದೆ ಕೂತು ಅತ್ತುಬಿಟ್ಟೆ. ನನಗೆ ನಾಚಿಕೆಯಾಗಿದೆ, ಅದಕ್ಕಿಂತ ಹೆಚ್ಚಾಗಿ ಭಯವಾಗಿದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ನಾಳೆಯೊಳಗೆ ಡಾಕ್ಟರರನ್ನು ಕೂರಿಸಿ ಒಂದು ದೋಣಿ ಕಳಿಸಿ, ಅವನನ್ನು ಆಸ್ಪತ್ರೆಗೆ ಸೇರಿಸಿ. ತಪ್ಪಿತಸ್ಥನಿಲ್ಲದೆ ನಿಮ್ಮ ಕಡತ ಮುಚ್ಚುವುದಿಲ್ಲವೆಂದಾದರೆ ಅದೇ ದೋಣಿಯಲ್ಲಿ ನನಗೂ ಕೋಳ ಹಾಕಿ ಕರೆದೊಯ್ಯಿರಿ. ನಾನು ಮಾಡಿದ್ದನ್ನು ಇಲ್ಲಿ ಬರೆದುಕೊಟ್ಟಿದ್ದೇನೆ. ಮಾಡದೇ ಇರುವುದನ್ನೂ ಒಪ್ಪಿಕೊಳ್ಳಬೇಕೆಂದರೆ, ಅವನು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ್ದನ್ನು ಕಣ್ಣಾರೆ ಕಂಡ ಮೇಲೆ, ಎಲ್ಲಿ ಹೇಳುತ್ತೀರೋ ಅಲ್ಲಿ ಸಹಿ ಹಾಕುತ್ತೇನೆ.

ಇಂತಿ,
ದೋಣಿಯ ದಾರಿ ಕಾಯುತ್ತಿರುವ ತಪ್ಪಿತಸ್ಥ,
ಡೆಕ್ ಮೇಸ್ತ್ರಿ