ಮೂರು ಸ್ವರದ ಕುರ್ಚಿ

ಗುರುವಾರ, ಹದಿನಾಲ್ಕನೇ ತಾರೀಕು

ನಮ್ಮ ಮನೆಯವರಿಗೆ, ಹನ್ನೆರಡು ದಿನದಿಂದ ಮನೆಯಲ್ಲಿಲ್ಲದವರಿಗೆ,

ಮುದ್ರಣ ಕೋಣೆಯಲ್ಲಿ ನಿಮ್ಮ ಕುರ್ಚಿಯ ಮೇಲಿನ ಏಸಿಯ ತಣ್ಣನೆ ಗಾಳಿಯ ಕಿಂಡಿ ಮುಚ್ಚಿಸುತ್ತೇವೆ ಎಂದರು ಆಡಳಿತದವರು, ಮುಚ್ಚಿಸಲಿಲ್ಲ. ಆ ಗಾಳಿ ಹೊಡೆದೇ ನಿಮ್ಮ ಬಲಗೆನ್ನೆ ಜೋಮು ಹಿಡಿದು ತುಟಿ ಸೊಟ್ಟಗಾದಾಗ, ಚಿಕಿತ್ಸೆಯ ಹೊಣೆ ವಾದ್ಯವೃಂದದ್ದೇ ಎಂದರು; ಕೊಡಿಸಲಿಲ್ಲ. ಗುಣವಾಗುವವರೆಗೆ ಕುರ್ಚಿ ನಿಮ್ಮದೇ ಎಂದರು. ಈಗ ಕುರ್ಚಿಯೇ ಬೇಡ ಅನ್ನುತ್ತಿದ್ದಾರೆ. ಧ್ವನಿಮುದ್ರಿಕೆಯ ಮೇಲೆ ಹೆಸರು ಹಾಕುತ್ತೇವೆ ಎಂದು ಹದಿನೇಳು ವರ್ಷ ಹೇಳಿದರು. ಒಂದರ ಮೇಲೂ ಇಲ್ಲ.

ನೀವು ಹೋದಮೇಲೆ ಏನಾಯಿತೆಂದು ತಿಳಿದುಕೊಳ್ಳಿ. ಮ್ಯಾನೇಜರ್ ಸ್ಟಾಪ್‌ವಾಚ್ ಹಿಡಿದು ಹಳೆಯ ಮುದ್ರಿಕೆಗಳನ್ನೆಲ್ಲ ಕೇಳಿದ್ದಾನೆ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಮೊದಲ ಟ್ರಂಪೆಟ್ ನುಡಿಯುವುದು ಎಲ್ಲ ಹಾಡು ಸೇರಿ ನಲವತ್ತು ಸೆಕೆಂಡು. ಉಳಿದ ಐವತ್ತೊಂಬತ್ತು ನಿಮಿಷ ಈ ಮನುಷ್ಯ ಏನ್ ಮಾಡ್ತಾನೆ ಅಂತ ಎಲ್ಲರೆದುರು ಕೇಳಿದ. ನಮ್ಮ ಡ್ರಮ್ಮಿನವನು ಕೂತಲ್ಲಿಂದಲೇ, ನೀವು ಮೀಟಿಂಗಲ್ಲಿ ಮಾಡೋದನ್ನೇ ಸಾರ್, ಸುಮ್ನೆ ಕೂತಿರ್ತಾನೆ, ಆದ್ರೆ ಅವನು ಎಣಿಸ್ತಾ ಕೂತಿರ್ತಾನೆ ಅಂದ. ಪಿಟೀಲಿನ ಹೆಂಗಸರು ಕಮಾನಿನಿಂದ ಸ್ಟ್ಯಾಂಡು ಬಡಿದು ನಕ್ಕರು. ಮರುದಿನವೇ ಅವನ ಕೈಗೆ ನೋಟೀಸು.

ನಲವತ್ತು ಸೆಕೆಂಡು. ತೊಂಬತ್ತಾರು ಆವರ್ತ ಬಾಯಿ ಮುಚ್ಚಿ ಕೂತು, ಎಲ್ಲರೂ ಇನ್ನೇನು ಬಂತು ಅಂದುಕೊಂಡ ಕ್ಷಣವನ್ನು ಹಾಗೇ ಹೋಗಲು ಬಿಟ್ಟು, ಆಮೇಲೆ ಮೂರೇ ಸ್ವರ. ಮೂರನೆಯದನ್ನು ಪೂರ್ತಿ ಮಾಡದೆ ಕೈಬಿಡುವುದು. ಕಟಿಂಗ್ ಶಾಪಿನ ರೇಡಿಯೋದಲ್ಲಿ ಅದು ಬಂದರೆ ಕತ್ತರಿ ನಿಲ್ಲುತ್ತಿತ್ತು. ಓ, ಬಂದ ನೋಡು ಸೋಮಾರಿ ಅನ್ನುತ್ತಿದ್ದ ಅಂಗಡಿಯವನು, ಪ್ರೀತಿಯಿಂದ. ಹಾಡು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ, ಊದಿದವರು ಯಾರೆಂದು ಗೊತ್ತಿತ್ತು. ದಿನವಿಡೀ ಊದುವವರು ಸಾವಿರ ಜನ ಇದ್ದಾರೆ, ಅವರಲ್ಲಿ ಒಬ್ಬನನ್ನೂ ಆತ ಗುರುತಿಸಲಾರ. ಇದನ್ನು ಸ್ಟಾಪ್‌ವಾಚಿನಲ್ಲಿ ಅಳೆಯುವವನು, ಕಾವಲುಗಾರನಿಗೆ ಕಳ್ಳ ಬಂದ ದಿನಕ್ಕಷ್ಟೇ ಸಂಬಳ ಕೊಡುವವನು.

ನಮ್ಮ ಗುಟ್ಟು ನಮಗೆ ಗೊತ್ತು. ಎಂಟು ತಿಂಗಳಿಂದ ಆ ಮೂರು ಸ್ವರ ಊದಿದ್ದು ಪಕ್ಕದಲ್ಲಿ ಎರಡನೇ ಟ್ರಂಪೆಟ್ ಹಿಡಿದು ಕೂತ ನಾನು. ನೀವು ಗುಣವಾಯಿತೆಂದು ಮ್ಯಾನೇಜರಿಗೆ ಹೇಳಿ, ವಾದ್ಯವನ್ನು ಸತ್ತ ತುಟಿಗೆ ಒತ್ತಿ ಹಿಡಿದು ಎಣಿಸುತ್ತಿದ್ದಿರಿ. ಹೊತ್ತು ಬಂದಾಗ ನಿಮ್ಮ ಬೂಟು ನನ್ನ ಚಪ್ಪಲಿಯನ್ನು ಒತ್ತುತ್ತಿತ್ತು, ನಾನು ಊದುತ್ತಿದ್ದೆ. ಇಡೀ ವೃಂದಕ್ಕೆ ಗೊತ್ತಿತ್ತು, ಗಾಜಿನ ಆಚೆ ಕೂತ ಮ್ಯಾನೇಜರಿಗೆ ಮಾತ್ರ ಗೊತ್ತಿರಲಿಲ್ಲ. ಅವನಿಗೂ ಗೊತ್ತಾಯಿತು. ನಿಮ್ಮನ್ನು ಕರೆದು, ನಿಮ್ಮದು ಬರೀ ನಾಟಕವಂತಲ್ಲ ಅಂದ. ನೀವು ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ನೇರವಾಗಿ ನಿಮ್ಮ ಅಕ್ಕನ ಮನೆಗೆ ಹೋದಿರಿ. ಆ ಬಾಯಿಹರಕ ಡ್ರಮ್ಮಿನವನೇ ಮ್ಯಾನೇಜರಿಗೆ ಹೇಳಿದ್ದು, ಇನ್ನು ಅವನ ಮುಖ ನೋಡಲ್ಲ ಅಂತ ಹೇಳಿಕಳಿಸಿದಿರಿ. ನನಗೆ ಒಂದು ಮಾತಿಲ್ಲ.

ಈಗ ನಮ್ಮ ವಾದ್ಯಗಾರರ ಸಂಘ ದೂರು ಕೊಟ್ಟಿದೆ. ಕಾರ್ಮಿಕ ಅಧಿಕಾರಿಯ ಎದುರು ವಿಚಾರಣೆ. ಆ ಮೂರು ಸ್ವರ ಯಾರು ಬೇಕಾದರೂ ನುಡಿಸಬಹುದು ಎಂಬುದು ಮ್ಯಾನೇಜರನ ವಾದ. ಅದಕ್ಕೆ ಪರದೆ ಕಟ್ಟುತ್ತಾರೆ. ಅದರ ಹಿಂದೆ ಅವನು ಕರೆತಂದ ಇಬ್ಬರು ಊದುತ್ತಾರೆ, ನಮ್ಮ ಕಡೆಯದೂ ಒಂದು ಸರದಿ. ನಮ್ಮ ಕಡೆ ಇಬ್ಬರು ಜೊತೆಗೆ ಕೂರಬಹುದೆಂದು ಸಂಘದವರು ಜಗಳವಾಡಿ ಒಪ್ಪಿಸಿದ್ದಾರೆ. ಮುಂದೆ ಕೂತ ಹತ್ತು ಜನ ಕೇಳುಗರು ನಮ್ಮದನ್ನು ಗುರುತು ಹಿಡಿದರೆ ಕುರ್ಚಿ ಉಳಿಯಿತು. ಹಿಡಿಯದಿದ್ದರೆ ರದ್ದು, ಅದರ ಹಿಂದೆಯೇ, ಕಡಿಮೆ ನುಡಿಸುವ ಇನ್ನೂ ಹನ್ನೊಂದು ಕುರ್ಚಿಗಳ ಪಟ್ಟಿ ಟೈಪಾಗಿ ಕೂತಿದೆ. ಇಡೀ ಸಂಜೆಗೆ ಒಂದೇ ಒಂದು ಏಟು ಹೊಡೆಯುವ ನಮ್ಮ ಗಂಟೆಯ ಅಜ್ಜ ನನ್ನ ಕೈ ಹಿಡಿದು, ತಾಯೀ, ಆ ಏಟು ಬಿಟ್ರೆ ನಂಗೆ ಬೇರೇನೂ ಬರಲ್ಲ ಅಂದರು.

ನಾನೊಬ್ಬಳೇ ಸಾಕು ಅಂದುಕೊಂಡಿದ್ದೆ. ಮೊನ್ನೆ ತಾಲೀಮಿನಲ್ಲಿ ಊದಿದೆ. ಎಲ್ಲಿ ತಪ್ಪುತ್ತದೋ ಎಂಬ ಹೆದರಿಕೆಗೆ ಸರಿಯಾಗಿ ಎಣಿಸಿ, ಸರಿಯಾದ ಜಾಗಕ್ಕೇ ಬಂದುಬಿಟ್ಟೆ. ಮೈಕಿನವನು ಹೆಡ್‌ಫೋನ್ ತೆಗೆದು, ಚೆನ್ನಾಗಿದೆ ಅಕ್ಕಾ, ಆದ್ರೆ ಇದು ಬೇರೆ ಯಾರದೋ ಅಂದ. ಬೇಕೆಂದೇ ತಡಮಾಡಿ ಊದಿದೆ. ಬಸ್ಸು ತಪ್ಪಿಸಿಕೊಂಡವಳು ಏದುಸಿರು ಬಿಡುತ್ತಾ ಓಡಿಬಂದ ಹಾಗಿತ್ತು. ಹತ್ತೊಂಬತ್ತು ಸಲ ಊದಿದೆ. ಮನೆಗೆ ಬಂದು ನಲ್ಲಿಯ ಹನಿ ಎಣಿಸಿದೆ, ಮೆಟ್ಟಿಲು ಹತ್ತಿ ಇಳಿದು ಎಣಿಸಿದೆ. ಆ ಕ್ಷಣ ನನಗೆ ಸಿಗುತ್ತಿಲ್ಲ. ಅದಿದ್ದದ್ದು ನಿಮ್ಮ ಬೂಟಿನಲ್ಲಿ.

ತುಟಿ ಹೋಯಿತೆಂದು ಗೋಡೆಗೆ ಮುಖ ಮಾಡಿ ಮಲಗಿದ್ದೀರಂತೆ. ಅಕ್ಕ ಫೋನಿನಲ್ಲಿ ಅತ್ತರು. ನಿಮ್ಮನ್ನು ಊದಲು ಯಾರು ಕರೆಯುತ್ತಿದ್ದಾರೆ? ಕಾಲು ತನ್ನಿ, ಸಾಕು. ಸಿಟ್ಟಿದ್ದರೆ ನನ್ನ ಕಾಲ್ಬೆರಳು ಜಜ್ಜುವ ಹಾಗೆ ಒತ್ತಿ. ನೀವು ಬರದಿದ್ದರೆ ನಾನು ಪರದೆಯ ಹಿಂದೆ ತಪ್ಪಿಲ್ಲದೆ ನುಡಿಸುತ್ತೇನೆ, ಹನ್ನೆರಡು ಮನೆಗಳ ಒಲೆ ಆರುತ್ತದೆ. ನನ್ನಿಂದ ಆಗುತ್ತಿಲ್ಲ ಕಣ್ರೀ. ಬರೆದು ಒಪ್ಪಿಕೊಂಡಿದ್ದೇನೆ, ಇನ್ನೇನು ಬೇಕು?

ಇಂತಿ,
ಪಕ್ಕದ ಕುರ್ಚಿಯವಳು

ಮರೆತದ್ದಲ್ಲ, ಹೆದರಿ ಕೊನೆಗಿಟ್ಟದ್ದು: ಡ್ರಮ್ಮಿನವನು ಯಾರಿಗೂ ಏನೂ ಹೇಳಿಲ್ಲ. ನಿಮ್ಮನ್ನು ಕರೆಸುವ ಹಿಂದಿನ ದಿನ ಮುದ್ರಣ ಮುಗಿದ ಮೇಲೆ ಮ್ಯಾನೇಜರ್ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ನಿಮ್ಮವರು ಇವತ್ತು ಏನ್ ಊದಿದ್ರು ರೀ, ಪಕ್ಕದಲ್ಲೇ ಕೂತು ನೀವೂ ಸ್ವಲ್ಪ ಕಲೀಬಾರ್ದಾ ಅಂದ. ಹದಿನೇಳು ವರ್ಷದಲ್ಲಿ ಒಂದೇ ಒಂದು ಸಲ ಆ ಹೊಗಳಿಕೆ ನನ್ನ ಹೆಸರಿಗೆ ಬರಲಿ ಅನ್ನಿಸಿತು. ಊದಿದ್ದು ನಾನೇ ಅಂದುಬಿಟ್ಟೆ. ಎರಡನೆಯವಳೇ ಮಾಡುವುದಾದರೆ ಮೊದಲನೆಯವನು ಯಾಕೆ ಎಂದು ಅವನು ಹಿಡಿದುಕೊಂಡದ್ದು ಆ ಮಾತನ್ನೇ. ಮೊನ್ನೆ ತಾಲೀಮಿನ ತನಕ ನಾನೂ ಅದನ್ನು ನಂಬಿದ್ದೆ. ಬೈಯುವುದಿದ್ದರೆ ಎದುರಿಗೆ ಬಂದು ಬೈಯಿರಿ. ದೊಡ್ಡ ಮುದ್ರಣ ಕೋಣೆ, ಪರದೆಯ ಹಿಂದೆ, ಎಡಗಡೆಯ ಜೋಡಿ ಕುರ್ಚಿ. ಸೋಮವಾರ, ಹದಿನೆಂಟು, ಬೆಳಿಗ್ಗೆ ಹತ್ತೂವರೆ.